ಉತ್ತರದ ಬಾಗಿಲಿನ ಹಿಮ

ಟೆಕ್ಸಸ್ಸಿನ ಡಲ್ಲಾಸ್ ಪಕ್ಕದ ಮರ್ಫಿ ಎಂಬ ಊರಿನ ನಮ್ಮ ಬೀದಿಯಲ್ಲಿ ಭಾರತೀಯರೆಲ್ಲ ಒಂದೇ ಬದಿಗಿದ್ದೆವು. ಯಾರೂ ನಮ್ಮನ್ನು ಹಾಗೆ ಕೂರಿಸಿರಲಿಲ್ಲ. ನಾವೇ ದುಂಬಾಲು ಬಿದ್ದು, ಬಿಲ್ಡರನ ಕಚೇರಿಗೆ ಮೂರು ಮೂರು ಸಲ ಅಲೆದು ಆ ಬದಿಯ ಮನೆಗಳನ್ನೇ ಹಿಡಿದಿದ್ದೆವು. ಬೀದಿ ಪೂರ್ವ ಪಶ್ಚಿಮವಾಗಿ ಹೋಗುತ್ತಿತ್ತು. ನಮ್ಮ ಸಾಲಿನ ಬಾಗಿಲುಗಳು ಉತ್ತರಕ್ಕೆ, ಅಂದರೆ ಕುಬೇರನ ದಿಕ್ಕಿಗೆ. ಎದುರು ಸಾಲಿನವು ದಕ್ಷಿಣಕ್ಕೆ, ಯಮನ ದಿಕ್ಕಿಗೆ. ಹಾಗಾಗಿ ಕುಬೇರನ ಸಾಲಿನಲ್ಲಿ ನಾವು, ನಮ್ಮ ಪಕ್ಕಕ್ಕೆ ಒಂದು ಧಾರವಾಡದ ಮನೆ, ಆಮೇಲೆ ಎರಡು ತೆಲುಗರ ಮನೆ, ಮೂಲೆಯಲ್ಲೊಂದು ಗುಜರಾತಿ ಮನೆ. ಯಮನ ಸಾಲಿನಲ್ಲಿ ಯಮನ ಹೆಸರನ್ನೇ ಕೇಳದ ಜನ ನೆಮ್ಮದಿಯಾಗಿದ್ದರು.

ಮನೆ ನೋಡಲು ಹೋಗುವಾಗ ನನ್ನ ಗಂಡನ ಜೇಬಿನಲ್ಲಿ ಒಂದು ದಿಕ್ಸೂಚಿ ಇರುತ್ತಿತ್ತು. ನಾನು ಅಡುಗೆಮನೆ, ಬೆಳಕು, ಬಟ್ಟೆ ಒಗೆಯುವ ಜಾಗ ಎಂದು ಒಳಗೆಲ್ಲ ಸುತ್ತಾಡಿ ಬರುವಷ್ಟರಲ್ಲಿ ಅವರು ಹೊಸ್ತಿಲ ಮೇಲೇ ನಿಂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಮನೆ ತೋರಿಸುತ್ತಿದ್ದ ಏಜೆಂಟ್ ಹೆಂಗಸು ಮೊದಮೊದಲು ಗಾಬರಿಯಾಗುತ್ತಿದ್ದಳು. ಆಮೇಲೆ ತಾನೇ ಕಾರಿನಲ್ಲೊಂದು ದಿಕ್ಸೂಚಿ ಇಟ್ಟುಕೊಂಡು, ಎಷ್ಟು ಬೆಡ್‌ರೂಮು ಎಂದು ಹೇಳುವ ಮೊದಲೇ ಯಾವ ದಿಕ್ಕು ಎಂದು ಹೇಳಲು ಕಲಿತಳು.

ನನಗೆ ಹಿಡಿಸಿದ್ದು ಎದುರು ಸಾಲಿನ ಮನೆ. ಅದರ ಅಡುಗೆಮನೆ ಬೀದಿಯ ಕಡೆಗಿತ್ತು. ಅಗಲವಾದ ಕಿಟಕಿಯಿಂದ ಬಿಸಿಲು ಬಂದು ಕಟ್ಟೆಯ ಮೇಲೆಲ್ಲ ಹರಡಿತ್ತು. ನಾನು ಅಲ್ಲಿ ನಿಂತು ಮನಸ್ಸಿನಲ್ಲೇ ಮಿಕ್ಸಿಯನ್ನು ಇಲ್ಲಿ, ಒಗ್ಗರಣೆ ಡಬ್ಬಿಯನ್ನು ಅಲ್ಲಿ ಎಂದು ಜೋಡಿಸಿ ಮುಗಿಸಿದ್ದೆ. ಅವರು ಹೊರಗಿನಿಂದಲೇ ನಂಜನಗೂಡಿನ ತಮ್ಮ ಸೋದರಮಾವನಿಗೆ ಫೋನ್ ಮಾಡಿದರು. ಮಾವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ದಕ್ಷಿಣದ ಬಾಗಿಲಾ? ಬೇಡವೇ ಬೇಡ ಮಗು. ಸುಮ್ನಿರಲಾರದೆ ತೊಂದ್ರೆ ತಗೊಂಡು ತಲೆ ಮೇಲೆ ಹಾಕ್ಕೋಬೇಡ." ಟೆಕ್ಸಸ್ ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಲಾಗದ ಮನುಷ್ಯ ನಾನು ಎಲ್ಲಿ ನಿಂತು ಸಾರು ಕುದಿಸಬೇಕು ಎಂದು ಹೇಳಿದ್ದರು. ನಾವು ಬೀದಿ ದಾಟಿ ಈ ಕಡೆ ಬಂದೆವು.

ನನ್ನ ಅಡುಗೆಮನೆಯಿರುವ ಆ ಮನೆಯನ್ನು ಒಬ್ಬ ಹೆಂಗಸು ಕೊಂಡಳು. ಎಪ್ಪತ್ತರ ಹತ್ತಿರದವಳು, ಒಂಟಿ, ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಬೆಳಿಗ್ಗೆ ಆ ಕಿಟಕಿಯಲ್ಲಿ ಅವಳ ಬಿಳಿ ತಲೆ ಕಾಣುತ್ತಿತ್ತು. ಅವಳು ಕೈ ಬೀಸಿದರೆ ನಾನೂ ಬೀಸುತ್ತಿದ್ದೆ. ಆದರೆ ಮೂರು ವರ್ಷದಲ್ಲಿ ಒಂದು ದಿನವೂ ಬೀದಿ ದಾಟಿ ಅವಳ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ದೀಪಾವಳಿಗೆ ಎಲ್ಲ ಮನೆಗೂ ಡಬ್ಬಿ ಕೊಡುವಾಗ ಅವಳದನ್ನು ಮಗಳ ಕೈಲಿ ಕಳಿಸುತ್ತಿದ್ದೆ. ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ಆಗ ಆಗುತ್ತಿರಲಿಲ್ಲ. ಈಗ ಒಪ್ಪಿಕೊಳ್ಳುತ್ತೇನೆ.

ಹಿಮದ ಕಥೆಗೆ ಬರುವ ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ಇಲ್ಲದಿದ್ದರೆ ನನ್ನ ಸಿಟ್ಟು ಬರೀ ಚಳಿಯ ಸಿಟ್ಟು ಎಂದು ನೀವು ತಿಳಿಯುತ್ತೀರಿ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಎರಡು ವರ್ಷ ದುಡಿದವಳು ನಾನು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆರು ವರ್ಷ ಡಿಪೆಂಡೆಂಟ್ ವೀಸಾ. ಕೆಲಸ ಮಾಡುವ ಹಾಗಿಲ್ಲ. ಯಾವ ಅರ್ಜಿ ತುಂಬಿದರೂ ಉದ್ಯೋಗ ಎನ್ನುವ ಕಡೆ ಗೆರೆ ಎಳೆಯಬೇಕು. ಪಾರ್ಟಿಗಳಲ್ಲಿ ಗಂಡಸರು ನಿಮ್ಮದು ಯಾವ ಕಂಪನಿ ಎಂದು ಪರಸ್ಪರ ಕೇಳಿಕೊಂಡು, ನನ್ನ ಸರದಿ ಬಂದಾಗ ಮಗಳಿಗೆ ಎಷ್ಟು ವರ್ಷ ಎಂದು ಕೇಳುತ್ತಿದ್ದರು. ಆರು ವರ್ಷ ನಾನು ಬೇಳೆಹುಳಿ ಕುದಿಸುತ್ತ, ಕಟ್ಟೆಯ ಮೇಲೆ ಇಲ್ಲಿನ ಲ್ಯಾಬ್ ಪರೀಕ್ಷೆಯ ಪುಸ್ತಕ ಒರಗಿಸಿಟ್ಟು ಓದಿದೆ. ಕೆಲಸದ ಪರವಾನಗಿ ಬಂದಾಗ ಪರೀಕ್ಷೆ ಕಟ್ಟಿ ಪಾಸಾದೆ. ಪಕ್ಕದ ಪ್ಲೇನೋ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನ ಹನ್ನೆರಡರಿಂದ ಎಂಟರವರೆಗೆ ಶಿಫ್ಟು.

ತೊಂಬತ್ತು ದಿನ ಪ್ರೊಬೇಷನ್. ಎರಡನೇ ವಾರದಲ್ಲೇ ಮಗಳಿಗೆ ಜ್ವರ ಬಂದು ಒಂದು ದಿನ ಹೋಗಲಾಗಲಿಲ್ಲ. ಮೇಲ್ವಿಚಾರಕಿ ಗದರಲಿಲ್ಲ. ಮೆಲ್ಲಗೆ, ನಗುನಗುತ್ತಲೇ ಹೇಳಿದಳು: ಈ ತೊಂಬತ್ತು ದಿನದೊಳಗೆ ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ. ಹಿಮ ಬೀಳಲು ಶುರುವಾದ ರಾತ್ರಿ ಅವಳೇ ಫೋನ್ ಮಾಡಿ, ಹಿಮ ಬಿತ್ತೆಂದು ಆಸ್ಪತ್ರೆ ಮುಚ್ಚುವುದಿಲ್ಲ, ನಾಳೆ ನೀವು ಬರುತ್ತೀರಿ ಎಂದುಕೊಂಡಿದ್ದೇನೆ ಎಂದಳು. ಬರುತ್ತೇನೆ ಎಂದೆ. ಅದು ನನ್ನ ಮೂರನೇ ವಾರ.

ಡಲ್ಲಾಸ್ ಕಡೆ ಹಿಮ ಬೀಳುವುದೇ ಅಪರೂಪ. ಬಿದ್ದರೂ ಮಕ್ಕಳು ನೋಡಿ ಕುಣಿಯುವಷ್ಟು ಬಿದ್ದು ಹನ್ನೆರಡು ಗಂಟೆಗೆ ಮಾಯವಾಗುತ್ತದೆ. ಆಗ ಫೆಬ್ರುವರಿ ತಿಂಗಳು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮೆಟ್ಟಿಲೇ ಇಲ್ಲ. ಒಂದು ಅಡಿ ಹಿಮ. ಅದೂ ಸಿನಿಮಾದಲ್ಲಿ ಹಾರುವ ಹತ್ತಿಯಂಥದ್ದಲ್ಲ, ನೀರು ಕುಡಿದ, ಭಾರವಾದ ಹಿಮ. ಮಗಳು "ಸ್ನೋ ಡೇ! ಸ್ನೋ ಡೇ!" ಎಂದು ಕಿರುಚುತ್ತ ಚಪ್ಪಲಿಯಲ್ಲೇ ಓಡಿದಳು. ಅವಳ ಶಾಲೆಗೆ ರಜೆ, ಇವರ ಆಫೀಸಿಗೂ ರಜೆ. ಇಡೀ ಮನೆಯಲ್ಲಿ ರಜೆಯಿಲ್ಲದವಳು ನಾನೊಬ್ಬಳೇ.

"ರೀ, ಈಗ್ಲೇ ತೆಗೆಯೋಕೆ ಶುರು ಮಾಡೋಣ" ಎಂದೆ.

ಅವರು ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. "ಹನ್ನೆರಡಕ್ಕೆ ತಾನೇ ನಿನ್ನ ಶಿಫ್ಟು? ಇದು ಟೆಕ್ಸಸ್ ಕಣೇ, ಒಂದು ಬಿಸಿಲು ಬಿದ್ರೆ ತಾನಾಗೇ ಕರಗುತ್ತೆ. ಸುಮ್ನೆ ಯಾಕೆ ಸೊಂಟ ಮುರ್ಕೊಳ್ಳೋದು?"

ಮಾತು ಸರಿಯೆನಿಸಿತು. ನಾನೂ ಒಂದು ಕಾಫಿ ಮಾಡಿಕೊಂಡೆ. ಈಗಲೂ ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಎಂಟೂವರೆಗೆ ಬಿಸಿಲೇನೋ ಬಂತು. ಒಂಬತ್ತರ ಹೊತ್ತಿಗೆ ಎದುರು ಸಾಲಿನ ಸೂರುಗಳಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಗ್ಯಾರೇಜಿನಿಂದ ಬೀದಿಗಿಳಿಯುವ ಅವರ ಡ್ರೈವ್‌ವೇಗಳ ಮೇಲಿನ ಹಿಮ ಅಂಚಿನಿಂದ ಕುಗ್ಗುತ್ತ ಬಂದು ಕೆಳಗಿನ ಸಿಮೆಂಟು ಕಾಣತೊಡಗಿತು. ನಮ್ಮ ಕಡೆ ಒಂದು ಹನಿಯೂ ಇಲ್ಲ. ನಾನು ಹೊರಗೆ ಬಂದು ನೋಡಿದೆ. ಸೂರ್ಯ ನಮ್ಮ ಮನೆಯ ಹಿಂದೆ ಇದ್ದ. ನಮ್ಮ ಎರಡು ಅಂತಸ್ತಿನ ಮನೆಯ ನೆರಳು ಡ್ರೈವ್‌ವೇಯ ಮೇಲೆ ಪೂರ್ತಿ ಹಾಸಿಕೊಂಡು, ಬೀದಿಯ ಅಂಚಿನಲ್ಲಿ ಗೆರೆ ಕೊರೆದಂತೆ ನಿಂತಿತ್ತು. ಪಕ್ಕದ ಧಾರವಾಡದವರ ಮನೆಯದೂ ಅಷ್ಟೆ, ತೆಲುಗರದೂ ಅಷ್ಟೆ. ಕುಬೇರನ ಸಾಲು ಪೂರ್ತಿ ನೆರಳಿನಲ್ಲಿತ್ತು. ಯಮನ ಸಾಲಿನವರು ಅಂಗಿಯ ತೋಳು ಮಡಚಿಕೊಂಡು ತಮ್ಮ ಒಣಗುತ್ತಿರುವ ಡ್ರೈವ್‌ವೇಗಳಲ್ಲಿ ಕುರ್ಚಿ ಹಾಕಿ ಕೂತಿದ್ದರು.

ನಾನು ಒಳಗೆ ಹೋಗಿ ಇವರನ್ನು ಕೈ ಹಿಡಿದು ಎಳೆದು ತಂದು ಆ ಗೆರೆ ತೋರಿಸಿದೆ. "ನೋಡಿ ನಿಮ್ಮ ಕುಬೇರನ್ನ."

ಅವರು ಮೇಲೆ ನೋಡಿದರು, ಕೆಳಗೆ ನೋಡಿದರು, ಎದುರು ನೋಡಿದರು. "ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರ್ತಾನೆ" ಎಂದರು, ನನಗೆ ಪಾಠ ಹೇಳುವವರ ಹಾಗೆ. ಎಂಜಿನಿಯರು. ಇದನ್ನು ಮನೆ ಕೊಳ್ಳುವಾಗ ಯೋಚಿಸಬಹುದಿತ್ತಲ್ಲ ಎಂದು ಕೇಳಲಿಲ್ಲ. ಹೊತ್ತಿರಲಿಲ್ಲ. ಮೂರು ಗಂಟೆ ಉಳಿದಿತ್ತು, ರಸ್ತೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು.

ಹಿಮ ಎತ್ತುವ ಸಲಿಕೆ ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಹಿಂದಿನ ಸಂಜೆಯೇ ಅಂಗಡಿಗಳಲ್ಲಿ ಖಾಲಿಯಾಗಿತ್ತಂತೆ. ನಮ್ಮ ಬಳಿಯಿದ್ದದ್ದು ಗುಲಾಬಿ ಗಿಡ ನೆಡಲು ತಂದಿದ್ದ ಕಿರಿದಾದ ಗುದ್ದಲಿ ಒಂದು, ಕಸದ ಮೊರ ಒಂದು. ಇವರು ಗುದ್ದಲಿ ತೆಗೆದುಕೊಂಡರು. ನಾನು ಓವನ್ನಿನ ದೊಡ್ಡ ಟ್ರೇ ತೆಗೆದುಕೊಂಡೆ. ಮಗಳು ಆಟಿಕೆಯ ಬಕೆಟ್ಟು ತಂದಳು. ಕಾಲಿಗೆ ಬೂಟಿಲ್ಲದೆ ಕಾಲುಚೀಲದ ಮೇಲೆ ಇಂಡಿಯನ್ ಅಂಗಡಿಯ ಪ್ಲಾಸ್ಟಿಕ್ ಕವರು ಸುತ್ತಿ ಅದರ ಮೇಲೆ ಶೂ ಹಾಕಿಕೊಂಡೆವು. ಟ್ರೇಯನ್ನು ಹಿಮದೊಳಗೆ ನುಗ್ಗಿಸಿ ಎತ್ತಿದರೆ ಅದು ಮಧ್ಯಕ್ಕೆ ಬಾಗಿ ಎಲ್ಲವನ್ನೂ ನನ್ನ ಕಾಲ ಮೇಲೇ ಸುರಿಯುತ್ತಿತ್ತು. ಅರ್ಧ ಗಂಟೆ ಹೀಗೆ ಮಾಡಿ ತಿರುಗಿ ನೋಡಿದರೆ ಒಂದು ಚಾಪೆಯಷ್ಟು ಜಾಗ ತೆರವಾಗಿತ್ತು. ಅಲ್ಲಿ ಇವರು ಪಕ್ಕದಿಂದ ಎತ್ತಿದ ಹಿಮವನ್ನು ತಂದು ಹಾಕುತ್ತಿದ್ದರು.

"ರೀ! ಆ ಕಡೆ ಹಾಕ್ರೀ, ಹುಲ್ಲಿನ ಮೇಲೆ!"

"ಹುಲ್ಲು ಸತ್ತೋಗುತ್ತೆ."

"ನಾನು ಸತ್ರೆ ಪರ್ವಾಗಿಲ್ವಾ?"

ಈ ಹೊತ್ತಿಗೆ ಸರಿಯಾಗಿ ಶುಗರ್ ಲ್ಯಾಂಡಿನ ಗೆಳತಿ ಫೋನ್ ಮಾಡಿದಳು. ಹ್ಯೂಸ್ಟನ್ ಕಡೆ ಬರೀ ಮಳೆಯಂತೆ. ಟೀವಿಯಲ್ಲಿ ನಿಮ್ಮೂರು ತೋರಿಸುತ್ತಿದ್ದಾರೆ, ಎಷ್ಟು ಚಂದ ಕಾಣುತ್ತೆ, ಫೋಟೋ ಕಳಿಸೇ ಎಂದಳು. ಕಳಿಸುತ್ತೇನೆ ಎಂದು ಫೋನಿಟ್ಟೆ.

ಪಕ್ಕದ ಮನೆಯ ಧಾರವಾಡದ ಅಂಕಲ್ ಬಂದದ್ದು ಆಗ. ಮಗಳ ಮನೆಯಲ್ಲಿರುವ ಹಿರಿಯರು, ಊರಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ತಲೆಗೆ ಮಫ್ಲರು ಸುತ್ತಿ, ಎರಡು ಕೈಯನ್ನೂ ಶಾಲಿನೊಳಗಿಟ್ಟುಕೊಂಡು ಸ್ವಲ್ಪ ಹೊತ್ತು ನಮ್ಮ ಕೆಲಸ ನೋಡಿದರು.

"ತಂಗಿ, ಹಿಂಗ ಕೆರಕೋತ ಕುಂತ್ರ ಸಂಜೀತನಕಾ ಮುಗ್ಯಾಂಗಿಲ್ಲ. ಒಂದ್ ನಾಕ್ ಬಕೆಟ್ ಕುದಿಯೋ ನೀರ ಸುರೀರಿ. ಹತ್ತ ನಿಮಿಷದಾಗ ಎಲ್ಲಾ ಹರಕೊಂಡ ಹೋಕ್ಕೇತಿ."

ಬೆಳಗಾದರೆ ಬಾಗಿಲಿಗೆ ನೀರು ಹಾಕುವ ಜನ ನಾವು. ಅಂಗಳದಲ್ಲಿ ಏನು ಬಿದ್ದಿದ್ದರೂ ಅದಕ್ಕೆ ಮದ್ದು ಒಂದು ಬಕೆಟ್ ನೀರು ಎಂದು ರಕ್ತದಲ್ಲೇ ಇದೆ. ನಾನೂ ಒಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ಲ್ಯಾಬಿನಲ್ಲಿ ದಿನಾ ಫ್ರೀಜರು ತೆಗೆದು ಮುಚ್ಚುವವಳು, ಆದರೂ ಒಪ್ಪಿದೆ. ಒಲೆಯ ನಾಲ್ಕೂ ಉರಿಯ ಮೇಲೆ ಕುಕ್ಕರು, ಹಬ್ಬದ ಹುಳಿಯ ಪಾತ್ರೆ, ಇಡ್ಲಿ ಪಾತ್ರೆ, ಹಾಲಿನ ಪಾತ್ರೆ ಎಲ್ಲ ಏರಿದವು. ಅಂಕಲ್ ಬಾಗಿಲಲ್ಲಿ ನಿಂತು ಎಲ್ಲಿ ಸುರಿಯಬೇಕು ಎಂದು ಕೈ ತೋರಿಸುತ್ತಿದ್ದರು. ಸುರಿದೆವು. ಬುಸ್ ಎಂದು ಹಬೆ ಎದ್ದಿತು. ಹಿಮ ಕುಸಿದು, ಕರಗಿ, ಇಳಿಜಾರಿನಲ್ಲಿ ಹರಿಯಿತು. ಅಂಕಲ್ ನಕ್ಕರು. ನನ್ನ ಗಂಡ ನಿಜವಾಗಿಯೂ ಚಪ್ಪಾಳೆ ತಟ್ಟಿದರು. ಅದೇ ಹುರುಪಿನಲ್ಲಿ ಇನ್ನೊಂದು ಸುತ್ತು ಕಾಯಿಸಿ ಸುರಿದೆವು.

ನಾನು ಒಳಗೆ ಹೋಗಿ ಆಸ್ಪತ್ರೆಯ ನೀಲಿ ಬಟ್ಟೆ ಹಾಕಿಕೊಂಡು, ಮಗಳಿಗೆ ಮೊಸರನ್ನ ಕಲಸಿಟ್ಟು ಬರುವಷ್ಟರಲ್ಲಿ ಸುರಿದ ನೀರೆಲ್ಲ ಹೆಪ್ಪುಗಟ್ಟಿ ಗ್ಯಾರೇಜಿನ ಬಾಗಿಲಿನಿಂದ ಬೀದಿಯವರೆಗೆ ಗಾಜು ಹಾಸಿತ್ತು. ಇವರು ಅದರ ಮೇಲೆ ಒಂದು ಕಾಲಿಟ್ಟು, ಗ್ಯಾರೇಜಿನ ಗೋಡೆ ಹಿಡಿದು, ಇನ್ನೊಂದು ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು.

"ಕರಗೂದೇನೋ ಕರಗ್ತು," ಅಂಕಲ್ ತಮ್ಮ ಮನೆಯ ಮೆಟ್ಟಿಲಿನಿಂದಲೇ ಹೇಳಿದರು, "ಆದ್ರ ಮತ್ತ ಗಡ್ಡಿ ಕಟ್ಟೇತಿ ನೋಡ್ರಿ." ಆಮೇಲೆ ಬಿ.ಪಿ. ಗುಳಿಗೆಯ ಹೊತ್ತಾಯಿತೆಂದು ಒಳಗೆ ಹೋದರು.

ಹಿಮವನ್ನಾದರೆ ಟ್ರೇಯಲ್ಲಿ ಎತ್ತಬಹುದಿತ್ತು. ಇದನ್ನು ಏನು ಮಾಡುವುದು? ಅಡುಗೆಮನೆಯಲ್ಲಿದ್ದ ಪುಡಿ ಉಪ್ಪಿನ ಡಬ್ಬಿ ತಂದು ಎರಚಿದೆ. ಸಾಲಲಿಲ್ಲ. ಮಾವಿನಕಾಯಿ ಕಾಲಕ್ಕೆಂದು ತಂದಿಟ್ಟಿದ್ದ ಕಲ್ಲುಪ್ಪಿನ ಪ್ಯಾಕೆಟ್ಟು ಒಡೆದು ಎರಚಿದೆ. ಅದು ಅಲ್ಲಲ್ಲಿ ಗುಳಿ ತೋಡಿತು, ಅಷ್ಟೆ. ಮಗಳು ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿ "ಮಾಮ್, ಇಟ್ಸ್ ನಾಟ್ ಮೆಲ್ಟಿಂಗ್" ಎಂದು ವರದಿ ಕೊಡುತ್ತಿದ್ದಳು. ನಾನು ಅವಳ ಮೇಲೂ ರೇಗಿದೆ. ಪಾಪ, ಅವಳದೇನು ತಪ್ಪು.

ಹನ್ನೊಂದಾಗಿತ್ತು. ಇವರು ಗುದ್ದಲಿಯನ್ನು ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ಆ ಮಾತು ಹೇಳಿದರು.

"ನೋಡೇ, ಒಂದ್ ದಿನ ರಜಾ ಹಾಕ್ಬಿಡು. ಫೋನ್ ಮಾಡಿ ಹೇಳು, ಬರಕ್ಕಾಗಲ್ಲ ಅಂತ. ಅವ್ರು ತೆಗೆದ್ರೆ ತೆಗೀಲಿ. ಇನ್ನೊಂದ್ ಕೆಲಸ ಸಿಗುತ್ತೆ. ನಮ್ಗೇನ್ ಅದರಿಂದ್ಲೇ ಮನೆ ನಡೀಬೇಕಾ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ನನಗೆ ಸಮಾಧಾನವಾಗಲಿ ಎಂದೇ ಹೇಳಿದರು. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಟ್ರೇಯನ್ನು ನೆಲಕ್ಕೆ ಎಸೆದೆ. ಅದು ಗಾಜಿನ ಮೇಲೆ ಜಾರಿಕೊಂಡು ಬೀದಿಯವರೆಗೂ ಹೋಯಿತು.

"ಆರು ವರ್ಷ ರಜಾದಲ್ಲೇ ಇದ್ನಲ್ರೀ! ಇನ್ನೆಷ್ಟು ರಜಾ ಹಾಕ್ಲಿ? ನಿಮ್ಮ ಆಫೀಸಿಗೆ ಹೋಗೋ ದಿನ ಆಗಿದ್ರೆ ಹೀಗೆ ಕಾಫಿ ಕುಡೀತಾ ನಿಂತಿರ್ತಿದ್ರಾ? ಏಳು ಗಂಟೆಗೇ ಇಡೀ ಬೀದಿನ ಗುಡಿಸಿ ಹಾಕ್ತಿದ್ರಿ!"

ನಾನು ಗ್ಯಾರೇಜಿಗೆ ಹೋಗಿ ಕಾರು ಹತ್ತಿದೆ. "ತಾಳು, ಅಕ್ಕಿ ಚೀಲ ಹಾಸ್ತೀನಿ" ಎಂದು ಕೂಗುತ್ತ ಅವರು ಸೋನಾ ಮಸೂರಿಯ ಖಾಲಿ ಚೀಲಗಳನ್ನು ತಂದು ಹಿಂದಿನ ಚಕ್ರಗಳ ಹಿಂದೆ ಹಾಸಿದರು. ನಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ರಿವರ್ಸ್ ಹಾಕಿದೆ. ಕಾರು ಚೀಲ ದಾಟಿ ಗಾಜಿನ ಮೇಲೆ ಬಂತು. ಆಮೇಲೆ ಅದು ನನ್ನ ಮಾತು ಕೇಳಲಿಲ್ಲ. ಬ್ರೇಕ್ ತುಳಿದೆ, ಸ್ಟಿಯರಿಂಗ್ ತಿರುಗಿಸಿದೆ, ದೇವರೇ ಎಂದೆ. ಅದು ಸಾವಕಾಶವಾಗಿ, ಅಡ್ಡಡ್ಡಲಾಗಿ ತಿರುಗಿ, ಹಿಂದಿನ ಒಂದು ಚಕ್ರವನ್ನು ಹುಲ್ಲಿನ ಮೇಲೆ ರಾಶಿ ಹಾಕಿದ್ದ ಹಿಮದಲ್ಲಿ ಹೂತುಕೊಂಡು ಡ್ರೈವ್‌ವೇಗೆ ಅಡ್ಡ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗ್ಯಾರೇಜಿನೊಳಗಿದ್ದ ಇವರ ವ್ಯಾನಿಗೂ ಇನ್ನು ದಾರಿಯಿಲ್ಲ.

ನಾನು ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಪಕ್ಕದ ಬಾಗಿಲು ತೆಗೆದು ಇವರು ಒಳಗೆ ಬಂದು ಕೂತರು. ಅವರ ಬೆರಳ ಬುಡದಲ್ಲಿ ಬೊಕ್ಕೆ ಎದ್ದಿತ್ತು.

"ಈ ಮನೆ ತಗೊಳ್ಳೋವಾಗ ನಮ್ಮ ಟೀಮಲ್ಲಿ ಅರ್ಧ ಜನರನ್ನ ತೆಗೆದಿದ್ರು" ಎಂದರು. "ನಿಂಗೆ ಹೇಳಿರ್ಲಿಲ್ಲ. ದಿನಾ ಬೆಳಿಗ್ಗೆ ಇವತ್ತು ನಂದೇ ಸರದಿ ಅನ್ಕೊಂಡು ಹೋಗ್ತಿದ್ದೆ. ಭಯ ಆಗಿತ್ತು ಕಣೇ. ಯಾರಾದ್ರೂ ಹಿರಿಯರು, ಇದು ಬೇಡ ಅದು ತಗೋ ಅಂತ ಹೇಳಿದ್ರೆ ಸಾಕಾಗಿತ್ತು."

ಬೇರೆ ದಿನವಾಗಿದ್ದರೆ ನಾನು ಕರಗುತ್ತಿದ್ದೆ. ಆ ದಿನ ಕರಗಲಿಲ್ಲ. ನಿಮ್ಮ ಭಯಕ್ಕೆ ಮಾವ ಸಿಕ್ಕಿದರು, ನನ್ನ ಭಯಕ್ಕೆ ಯಾರು ಸಿಕ್ಕಿದರು ಎಂದು ಕೇಳಬೇಕೆನಿಸಿತು. ಆದರೆ ಗಡಿಯಾರ ಹನ್ನೊಂದು ಇಪ್ಪತ್ತು ತೋರಿಸುತ್ತಿತ್ತು. ಕಣ್ಣು ಒರೆಸಿಕೊಂಡು ಎದುರು ನೋಡಿದೆ. ಎದುರು ಮನೆಯ ಡ್ರೈವ್‌ವೇ ಪೂರ್ತಿ ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಆ ಹೆಂಗಸಿನ ಪಿಕಪ್ ಟ್ರಕ್ಕು ನಿಂತಿತ್ತು.

"ಅವ್ರನ್ನ ಕೇಳ್ಲಾ?" ಎಂದರು ಇವರು, ಅನುಮಾನಿಸುತ್ತ. "ಪರಿಚಯಾನೇ ಇಲ್ವಲ್ಲ."

"ನಾನು ಕೇಳ್ತೀನಿ" ಎಂದು ಇಳಿದೆ.

ನಮ್ಮ ಇಳಿಜಾರನ್ನು ಕೂತುಕೊಂಡೇ ಜಾರಿ ಇಳಿದೆ, ಆಸ್ಪತ್ರೆಯ ಬಟ್ಟೆಯಲ್ಲೇ. ಬೀದಿಯ ಅಂಚಿನ ನೆರಳಿನ ಗೆರೆ ದಾಟಿದೊಡನೆ ಬೆನ್ನಿಗೆ ಬಿಸಿಲು ತಗುಲಿತು. ಅವಳ ಮೆಟ್ಟಿಲಲ್ಲಿ ಹಿಮದ ಗುರುತೂ ಇರಲಿಲ್ಲ. ನಾನು ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅವಳು ಆಗಲೇ ಕೋಟು ಹಾಕಿಕೊಂಡಿದ್ದಳು.

"ಆಸ್ಪತ್ರೆಗೆ ತಾನೇ? ದಿನಾ ಈ ನೀಲಿ ಬಟ್ಟೆಯಲ್ಲಿ ಹೋಗುವುದನ್ನು ನೋಡುತ್ತೇನೆ" ಎಂದಳು. "ಬೆಳಗಿನಿಂದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೇನೆ. ಬಂದು ಕೇಳೋಣ ಅಂದುಕೊಂಡೆ. ಆದರೆ ನೀವು ಈ ಕಡೆ ಯಾವತ್ತೂ ಬಂದವರಲ್ಲ. ನನ್ನನ್ನು ಕಂಡರೆ ಆಗುವುದಿಲ್ಲವೇನೋ ಎಂದು ಸುಮ್ಮನಾದೆ."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೆಳಗಿನಿಂದ ಕುಬೇರನನ್ನು, ಮಾವನನ್ನು, ಗಂಡನನ್ನು, ಪಕ್ಕದ ಅಂಕಲ್ಲನ್ನು ಒಬ್ಬೊಬ್ಬರನ್ನಾಗಿ ಬೈದು ಮುಗಿಸಿದ್ದೆ. ಇಪ್ಪತ್ತು ಹೆಜ್ಜೆ ನಡೆದು ಈ ಬಾಗಿಲು ತಟ್ಟಲು ನನ್ನನ್ನು ತಡೆದವರು ಅವರ್ಯಾರೂ ಅಲ್ಲ. ನನಗೆ ಸಿಗದ ಒಂದು ಕಟ್ಟೆಯ ಮೇಲಿನ ಮುನಿಸನ್ನು ನಾನು ಮೂರು ವರ್ಷ ಈ ಹೆಂಗಸಿನ ಮೇಲೆ ಸಾಧಿಸಿದ್ದೆ.

ಅವಳು ಕೀಲಿ ತರಲು ಒಳಗೆ ಹೋದಾಗ ಪಕ್ಕದಲ್ಲಿ ತೆರೆದಿದ್ದ ಗ್ಯಾರೇಜಿನ ಒಳಗೋಡೆ ಕಂಡಿತು. ಅಲ್ಲಿ ಮೊಳೆಗೆ ನೇತುಹಾಕಿದ, ಅಗಲ ಬಾಯಿಯ, ಅಸಲಿ ಹಿಮದ ಸಲಿಕೆ. ನನಗೆ ನಗು ಬಂತೋ ಅಳು ಬಂತೋ ನೆನಪಿಲ್ಲ. ಅವಳು ಉತ್ತರದ ಅಮರಿಲ್ಲೊ ಕಡೆಯವಳಂತೆ. ಅಲ್ಲಿ ಚಳಿಗಾಲದಲ್ಲಿ ಹಿಮ ಇದ್ದದ್ದೇ. ನಾನು ನೋಡುತ್ತಿರುವುದನ್ನು ಕಂಡು ಅದನ್ನು ಕೆಳಗಿಳಿಸಿ, ಬೀದಿಯ ಆಚೆ ನಿಂತಿದ್ದ ನನ್ನ ಗಂಡನನ್ನು ಕೂಗಿ ಕರೆದು ಕೊಟ್ಟಳು. "ಗಟ್ಟಿಯಾದದ್ದನ್ನು ಮೊದಲು ಅಂಚಿನಿಂದ ಒಡೆಯಿರಿ. ಇನ್ನು ನೀರು ಹಾಕಬೇಡಿ" ಎಂದಳು. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಇಪ್ಪತ್ತು ಚಿಲ್ಲರೆ ವರ್ಷ ಮಕ್ಕಳನ್ನು ಕೂರಿಸಿಕೊಂಡು ಐಸಿನ ಮೇಲೆ ಬಸ್ಸು ಓಡಿಸಿದ ಹೆಂಗಸು ಅವಳು. ರಸ್ತೆಯುದ್ದಕ್ಕೂ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ಮುರಿದ ಓಕ್ ಕೊಂಬೆಗಳು ಅರ್ಧ ರಸ್ತೆಯವರೆಗೆ ಬಿದ್ದಿದ್ದವು. ಅವಳು ಬ್ರೇಕ್ ಮುಟ್ಟದೆ, ಅವಸರವಿಲ್ಲದೆ ಎಲ್ಲವನ್ನೂ ಬಳಸಿಕೊಂಡು ಹೋದಳು. ದಾರಿಯಲ್ಲಿ ನಾನು ಕೇಳದೆಯೇ ಹೇಳಿದಳು, ಬೇಸಿಗೆಯಲ್ಲಿ ತನ್ನ ಅಡುಗೆಮನೆ ಒಲೆಯ ಹಾಗೆ ಕಾಯುತ್ತದಂತೆ, ಮೇ ತಿಂಗಳಿಂದ ಪರದೆ ತೆಗೆಯುವುದೇ ಇಲ್ಲವಂತೆ. ಸುಳ್ಳು ಹೇಳಲಾರೆ, ಕೇಳಿ ಸ್ವಲ್ಪ ಸಮಾಧಾನವೇ ಆಯಿತು.

ಲ್ಯಾಬಿಗೆ ಕಾಲಿಟ್ಟಾಗ ಹನ್ನೆರಡು ಗಂಟೆ ಏಳು ನಿಮಿಷ. ಮೇಲ್ವಿಚಾರಕಿ ನನ್ನನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ನನ್ನ ಒದ್ದೆ ಮಂಡಿ ನೋಡಿದಳು. ಅರ್ಧಕ್ಕರ್ಧ ಜನ ಬಂದಿರಲಿಲ್ಲ. ಜಾರಿ ಬಿದ್ದು ಕೈಕಾಲು ಮುರಿದುಕೊಂಡವರಿಂದ ಎಮರ್ಜೆನ್ಸಿ ತುಂಬಿ, ರಕ್ತದ ಸ್ಯಾಂಪಲ್ಲುಗಳು ಸಾಲುಗಟ್ಟಿದ್ದವು. "ಕೈ ತೊಳೆದುಕೊಂಡು ಬನ್ನಿ" ಎಂದಳು. ತಡವಾದ ಬಗ್ಗೆ ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಎಂಟು ಗಂಟೆ ನಾನು ಒಂದು ಸಲವೂ ಕೂರದೆ ಕೆಲಸ ಮಾಡಿದೆ. ಅಷ್ಟು ಸುಸ್ತಿನಲ್ಲೂ ಅಷ್ಟು ಸುಖವಾಗಿದ್ದ ದಿನ ಆ ಊರಿಗೆ ಬಂದ ಮೇಲೆ ಇನ್ನೊಂದಿರಲಿಲ್ಲ.

ಎಂಟಕ್ಕೆ ಹೊರಗೆ ಬಂದರೆ ನಮ್ಮ ವ್ಯಾನು ನಿಂತಿತ್ತು. ಮಗಳು ಹಿಂದೆ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಮಲಗಿದ್ದಳು. ಇವರ ಎರಡೂ ಅಂಗೈಗೆ ಪಟ್ಟಿ ಸುತ್ತಿತ್ತು. ಸ್ಟಿಯರಿಂಗನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು. ನಾನು ಬೆಳಗಿನ ಸಿಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಬಿಡುವ ಇರಾದೆಯೂ ಇರಲಿಲ್ಲ. ಡ್ರೈವ್‌ವೇ ತೆರವಾಯಿತು, ನಿನ್ನ ಕಾರನ್ನು ಎದುರು ಮನೆಯವರೇ ಬಂದು ತಮ್ಮ ಟ್ರಕ್ಕಿಗೆ ಕಟ್ಟಿ ಹಿಮದಿಂದ ಎಳೆದು ಕೊಟ್ಟರು ಎಂದರು. ನಾನು ಹೂಂ ಎಂದೆ.

ಮರ್ಫಿಯ ತಿರುವಿನ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಮುಂದೆ ನೋಡುತ್ತಲೇ ಕೇಳಿದರು. "ನಾಳೆ ಎಷ್ಟು ಗಂಟೆಗೆ ನಿನ್ನ ಶಿಫ್ಟು?"

ಹನ್ನೆರಡಕ್ಕೆ ಎಂದು ಅವರಿಗೆ ಗೊತ್ತಿತ್ತು. ಬೆಳಿಗ್ಗೆ ಅವರ ಬಾಯಲ್ಲೇ ಬಂದಿತ್ತು. ಆದರೆ ಕೆಲಸಕ್ಕೆ ಸೇರಿದ ಮೂರು ವಾರದಲ್ಲಿ ನಾಳೆಯ ಶಿಫ್ಟು ಯಾವಾಗ ಎಂದು ಮನೆಯಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

"ಹನ್ನೆರಡಕ್ಕೆ" ಎಂದೆ.

"ರಾತ್ರಿ ಮತ್ತೆ ಹೆಪ್ಪುಗಟ್ಟಿರಬಹುದು. ಏಳಕ್ಕೇ ಏಳ್ತೀನಿ" ಎಂದರು.